ಬೋರ್ಡು ನೋಡಿ ಕೋಣೆ ಹಿಡಿಯುವ ಮುನ್ನ

ದಾವಣಗೆರೆ, ಹರಿಹರದ ಕಡೆಯವರು ಬೆಂಗಳೂರಿನಲ್ಲಿ ರಾತ್ರಿ ಉಳಿಯುವುದು ಬಹುಪಾಲು ಮೋಜಿಗಲ್ಲ. ಆಸ್ಪತ್ರೆ, ಹೈಕೋರ್ಟು, ಮಕ್ಕಳ ಕೌನ್ಸೆಲಿಂಗ್, ನೌಕರಿಯ ಸಂದರ್ಶನ, ಚಿಕ್ಕಪೇಟೆಯ ಖರೀದಿ, ಹೆಚ್ಚೆಂದರೆ ಒಂದು ಮದುವೆ. ದೂರ ಸುಮಾರು 260 ಕಿ.ಮೀ. ರಾತ್ರಿ ಬಸ್ಸು ಹತ್ತಿ, ಹಗಲೆಲ್ಲ ಓಡಾಡಿ, ಮತ್ತೆ ರಾತ್ರಿ ಬಸ್ಸಿಗೇ ಮರಳಿದರೆ ಕೋಣೆಯ ಖರ್ಚೇ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಈಗಲೂ ಹೀಗೇ ಮಾಡುತ್ತಾರೆ. ಉಳಿಯಲೇಬೇಕಾಗಿ ಬಂದರೆ ನೆಂಟರ ಮನೆ.

ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಮ್ಮ ತಂದೆಗೆ ನೆಂಟರ ಮನೆಯ ಹಂಗೂ ಬೇಕಿರಲಿಲ್ಲ. ಬೆಂಗಳೂರು ರೈಲು ನಿಲ್ದಾಣದ ಹತ್ತಿರದ ತೋಟದಪ್ಪನವರ ಛತ್ರದಲ್ಲೇ ಅವರು ಇಳಿದುಕೊಳ್ಳುತ್ತಿದ್ದರು. ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗೆಂದು ಕಟ್ಟಿಸಿದ, 1903ರಿಂದ ನಡೆದುಬಂದ ಆ ಛತ್ರದಲ್ಲಿ ನಾಲ್ಕು ಗೋಡೆ, ಒಂದು ಬಾಗಿಲು, ಹೊರಗೆ ನಲ್ಲಿ ನೀರು ಇದ್ದರೆ ಅವರಿಗೆ ಸಾಕಿತ್ತು. ಒಬ್ಬ ಗಂಡಸು ಒಂದು ಚೀಲ ಹಿಡಿದು ಹೋಗುವ ಪ್ರಯಾಣಕ್ಕೆ ಈಗಲೂ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಅತ್ತೆಯವರಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ದಾವಣಗೆರೆಯ ವೈದ್ಯರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರೆದುಕೊಟ್ಟ ಮೇಲೆ ಈ ಲೆಕ್ಕವೆಲ್ಲ ಬುಡಮೇಲಾಯಿತು. ಕಾಯಿಲೆಯ ಮನುಷ್ಯರನ್ನು ರಾತ್ರಿ ಬಸ್ಸಿನಲ್ಲಿ ಕುಲುಕಾಡಿಸಿ, ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿ, ಮತ್ತೆ ರಾತ್ರಿ ಬಸ್ಸಿಗೆ ಹತ್ತಿಸಲು ಆಗುವುದಿಲ್ಲ. ನೆಂಟರಿದ್ದದ್ದು ರಾಜಾಜಿನಗರದಲ್ಲಿ. ಅಲ್ಲಿಂದ ಕಿದ್ವಾಯಿಗೆ ಆಟೊದಲ್ಲಿ ಹೋಗುವಷ್ಟರಲ್ಲಿ ಅತ್ತೆಗೆ ವಾಂತಿ ಶುರುವಾಗುತ್ತಿತ್ತು. ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆ ಇದೆ. ಕೈಯಲ್ಲಿ ಏನೂ ಇಲ್ಲದೆ ಬಂದವರಿಗೆ ಅದೇ ಆಸರೆ. ನಾಲ್ಕು ಕಾಸು ಇರುವ ನಾವು ಅಲ್ಲಿ ಇನ್ನೊಬ್ಬರ ಜಾಗ ಹಿಡಿಯಬಾರದು ಎಂದು ಮನೆಯಲ್ಲಿ ಮಾತಾಯಿತು. ರೇಡಿಯೇಷನ್ ನಡೆದ ವಾರಗಳಿಗೆ ಆಸ್ಪತ್ರೆಯ ಸಮೀಪ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಅದಕ್ಕೂ ಮುಂಚಿನ ಪರೀಕ್ಷೆಗಳಿಗೆ, ಆಮೇಲೆ ವರ್ಷಗಳವರೆಗೆ ನಡೆದ ತಪಾಸಣೆಗಳಿಗೆ ಎರಡು ಮೂರು ದಿನ ಇದ್ದು ಬರಬೇಕಾದಾಗಲೆಲ್ಲ ಹೋಟೆಲೇ ಗತಿ. ಜೊತೆಗೆ ಹೋಗುತ್ತಿದ್ದವಳು ನಾನು.

"ಚೈನ್ ಹೋಟೆಲ್ ನೋಡಮ್ಮ, ಭಯ ಇರಲ್ಲ" ಎಂದು ಮಗ ಹೇಳಿದ. ಆ ಮಾತಿನಲ್ಲಿ ಸತ್ಯವಿದೆ. ಊರು ಗೊತ್ತಿಲ್ಲದ ಕಡೆ ಇಬ್ಬರೇ ಹೆಂಗಸರು, ಅದರಲ್ಲಿ ಒಬ್ಬರಿಗೆ ಎಪ್ಪತ್ತು ದಾಟಿದೆ ಎನ್ನುವಾಗ ಬೆಳಕಿರುವ ಪ್ರವೇಶ, ರಾತ್ರಿ ಪಾಳಿಯಲ್ಲಿ ಎಚ್ಚರವಾಗಿ ಕೂತ ಸಿಬ್ಬಂದಿ, ತೊಳೆದ ಹಾಸಿಗೆ, ಮುದ್ರಿತ ಬಿಲ್ಲು ಇವೆಲ್ಲ ಬಹಳ ದೊಡ್ಡ ವಿಷಯಗಳು. ಈ ಭಯ ಹೋಗಲಾಡಿಸುವುದರಲ್ಲೇ ಚೈನ್ ಹೋಟೆಲಿನ ವ್ಯಾಪಾರ ಬೆಳೆದದ್ದು. ಅಮೆರಿಕದ ಮೆಂಫಿಸ್ ಊರಿನ ಕೆಮನ್ಸ್ ವಿಲ್ಸನ್ 1951ರಲ್ಲಿ ಹೆಂಡತಿ, ಐದು ಮಕ್ಕಳೊಂದಿಗೆ ಕಾರಿನಲ್ಲಿ ವಾಷಿಂಗ್ಟನ್‌ಗೆ ಹೊರಟರು. ದಾರಿಯ ವಸತಿಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ, ಸಾಲದ್ದಕ್ಕೆ ಪ್ರತಿ ಮಗುವಿಗೂ ಬೇರೆ ದುಡ್ಡು. ರೋಸಿಹೋದ ಅವರು ಮರುವರ್ಷವೇ ತಮ್ಮೂರಿನಲ್ಲಿ ಮೊದಲ ಹಾಲಿಡೇ ಇನ್ ತೆರೆದರು. ಅಪ್ಪ ಅಮ್ಮನ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಹಣವಿಲ್ಲ, ಎಲ್ಲಿಗೆ ಹೋದರೂ ಅದೇ ಅಳತೆಯ ಕೋಣೆ, ಅದೇ ಸೌಕರ್ಯ ಎಂಬ ಭರವಸೆಯ ಮೇಲೆ ಆ ಹೆಸರು ದೇಶವೆಲ್ಲ ಹಬ್ಬಿತು.

ನಮ್ಮಲ್ಲಿ ಈ ಭರವಸೆ ಮಧ್ಯಮ ವರ್ಗದವರ ಕೈಗೆಟುಕುವ ದರಕ್ಕೆ ಬಂದದ್ದು ತೀರ ಇತ್ತೀಚೆಗೆ. ತಾಜ್ ಹೋಟೆಲುಗಳನ್ನು ನಡೆಸುವ ಟಾಟಾ ಸಮೂಹದವರು 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇಂಡಿವನ್ ಎಂಬ ಹೆಸರಿನಲ್ಲಿ ಅಗ್ಗದ ಹೋಟೆಲೊಂದನ್ನು ಆರಂಭಿಸಿದರು. ಅದೇ ಮುಂದೆ ಜಿಂಜರ್ ಆಯಿತು. 2013ರಲ್ಲಿ ಓಯೊ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಟ್ರೀಬೊ ಹುಟ್ಟಿತು. ಈಗ ಗಾಂಧಿನಗರದ ಯಾವ ಓಣಿಗೆ ಹೋದರೂ ಹಳೆಯ ಲಾಡ್ಜಿನ ನೆತ್ತಿಯ ಮೇಲೆ ಒಂದಲ್ಲ ಒಂದು ಚೈನಿನ ಬೋರ್ಡು ಕಾಣುತ್ತದೆ.

ಆ ಬೋರ್ಡಿನ ಕೆಳಗೆ ಏನಿದೆ ಎನ್ನುವುದೇ ಈ ಲೇಖನದ ಮಾತು.

ಒಂದು ಚೈನಿನ ಎರಡು ಹೋಟೆಲುಗಳಲ್ಲಿ ನಾವು ಬೇರೆ ಬೇರೆ ಸಲ ಇಳಿದೆವು. ಮೊದಲನೆಯದು ಚೊಕ್ಕವಾಗಿತ್ತು. ಲಿಫ್ಟು ದೊಡ್ಡದು, ಕಿಟಕಿ ತೆಗೆದರೆ ರಸ್ತೆಬದಿಯ ಹೊಂಗೆ ಮರ, ಬೆಳಿಗ್ಗೆ ಅತ್ತೆಗೆ ಗಂಜಿ ಬೇಕೆಂದರೆ ಅಡುಗೆಮನೆಯವರು ಮರುಮಾತಾಡದೆ ಮಾಡಿಕೊಟ್ಟರು. ಅದೇ ನಂಬಿಕೆಯಲ್ಲಿ ಮುಂದಿನ ಸಲ ಆಸ್ಪತ್ರೆಗೆ ಇನ್ನೂ ಹತ್ತಿರವೆಂದು ಅದೇ ಹೆಸರಿನ ಇನ್ನೊಂದು ಕಡೆ ಕೋಣೆ ಹಿಡಿದೆವು. ಬೋರ್ಡಿನ ಬಣ್ಣ ಅದೇ, ದಿಂಬಿನ ಚೀಲದ ಮೇಲಿನ ಗುರುತು ಅದೇ, ಸೋಪಿನ ಪೊಟ್ಟಣವೂ ಅದೇ. ಕಿಟಕಿಯ ಪರದೆ ಸರಿಸಿದರೆ ಮಾತ್ರ ಎದುರಿಗೆ ಗೋಡೆ. ಪಕ್ಕದ ಕಟ್ಟಡಕ್ಕೂ ಇದಕ್ಕೂ ಒಂದು ಗೇಣು ಅಂತರ, ಅದರೊಳಗೆ ಪೈಪುಗಳು. ಬಚ್ಚಲಿಗೆ ಹೋಗಲು ಮೊಣಕಾಲೆತ್ತರದ ಮೆಟ್ಟಿಲು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಹತ್ತಿದರು, ಇಳಿಯುವಾಗ ನಾನು ಒಳಗೆ ನಿಂತು ಎರಡೂ ಕೈ ಕೊಟ್ಟೆ. ಸಾಮಾನು ತಂದುಕೊಟ್ಟ ಹುಡುಗ ಹಾವೇರಿ ಕಡೆಯವನು. "ಈ ಬಿಲ್ಡಿಂಗ್ ಮೊದ್ಲು ಬ್ಯಾರೆ ಲಾಡ್ಜ್ ಇತ್ರಿ ಅಕ್ಕಾರ, ಹೋದ ವರ್ಷ ಬೋರ್ಡ್ ಚೇಂಜ್ ಆತು. ಓನರ್ ಅವ್ರೇ, ನಾವೂ ಅವ್ರೇ" ಎಂದ.

ಚೈನ್ ಹೋಟೆಲಿನ ಬಗ್ಗೆ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಆಮೇಲೆ ಈ ವ್ಯವಹಾರದಲ್ಲಿರುವ ನಮ್ಮ ಕಡೆಯವರೊಬ್ಬರನ್ನು ಕೇಳಿ ತಿಳಿದುಕೊಂಡೆ. ಕೆಲವು ಹೋಟೆಲುಗಳನ್ನು ಕಂಪನಿಯೇ ಕಟ್ಟಿ, ತನ್ನದೇ ಸಿಬ್ಬಂದಿಯಿಂದ ನಡೆಸುತ್ತದೆ. ಕೆಲವು ಕಡೆ ಕಟ್ಟಡ ಯಾರದ್ದೋ, ನಡೆಸುವ ಹೊಣೆ ಕಂಪನಿಯದು. ಇನ್ನು ಕೆಲವು ಕಡೆ ಹೆಸರು ಮಾತ್ರ ಕಂಪನಿಯದು, ಮಾಲೀಕರು ಶುಲ್ಕ ಕಟ್ಟಿ ಆ ಹೆಸರು ಬಳಸುತ್ತಾರೆ, ನಡೆಸುವವರು ಅವರೇ. ಅಮೆರಿಕದಲ್ಲಿ ದೊಡ್ಡ ದೊಡ್ಡ ಹೆಸರು ಹೊತ್ತ ಮೋಟೆಲುಗಳ ಬಹುದೊಡ್ಡ ಪಾಲು ಗುಜರಾತಿನಿಂದ ಹೋದ ಪಟೇಲರ ಕುಟುಂಬಗಳದ್ದು, ಅದೂ ಈ ಬಗೆಯದೇ. ಕೊನೆಯದಾಗಿ, ಮೊಬೈಲ್ ಆ್ಯಪ್‌ನವರು ಇದ್ದ ಲಾಡ್ಜುಗಳ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಬೋರ್ಡು ಹಾಕುವ ಬಗೆ. ಬೆಂಗಳೂರಿನ ಬೀದಿ ಬೀದಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಎಂದು ಬರೆದಿರುತ್ತದೆ. ಕಾವಲಿಯ ಮುಂದೆ ನಿಂತವರು ಯಾರು ಎನ್ನುವುದರ ಮೇಲೆ ದೋಸೆಯ ರುಚಿ ನಿಂತಿದೆ ಎಂಬುದು ನಮ್ಮೂರಿನವರಿಗೆ ಗೊತ್ತಿರುವ ಮಾತು. ಇಲ್ಲೂ ಅಷ್ಟೇ.

ಹಾಗೆಂದು ಹೆಸರು ಬಾಡಿಗೆಗೆ ಪಡೆದ ಹೋಟೆಲುಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಮಾಲೀಕರೇ ಕೌಂಟರಿನಲ್ಲಿ ಕೂತು, ಬಂದವರ ಕಷ್ಟ ಕೇಳಿ ಕೋಣೆ ಬದಲಿಸಿಕೊಟ್ಟ ಜಾಗವೂ ಅಂಥದ್ದೇ ಒಂದಾಗಿತ್ತು. ಯಾವ ಬಗೆಯದು ಎನ್ನುವುದು ದುಡ್ಡು ಕಟ್ಟುವ ಮೊದಲು ಗೊತ್ತಿರಬೇಕು, ಅಷ್ಟೆ. ತಿಳಿಯುವ ದಾರಿ ಕಷ್ಟದ್ದಲ್ಲ. ಆ ಚೈನಿನ ಬಗ್ಗೆ ಜನ ಬರೆದ ಹೊಗಳಿಕೆ ಪಕ್ಕಕ್ಕಿಟ್ಟು, ಆ ಒಂದು ಕಟ್ಟಡದ ಬಗ್ಗೆ ಕಳೆದ ಎರಡು ಮೂರು ತಿಂಗಳಲ್ಲಿ ಬಂದ ಅಭಿಪ್ರಾಯಗಳನ್ನು ಮಾತ್ರ ಓದುವುದು. ಅದರಲ್ಲೂ ಮಧ್ಯಮ ಅಂಕ ಕೊಟ್ಟವರದ್ದನ್ನು. ತೀರ ಹೊಗಳಿದವರು, ತೀರ ಬೈದವರು ಕೋಣೆಯ ವಿವರ ಕೊಡುವುದು ಕಡಿಮೆ. ಮಧ್ಯಮ ಅಂಕದವರೇ "ಬಿಸಿನೀರು ಎಂಟರವರೆಗೆ ಮಾತ್ರ", "ಲಿಫ್ಟು ಮೂರನೇ ಮಹಡಿಗೆ ನಿಲ್ಲುತ್ತದೆ" ಎಂದೆಲ್ಲ ಬರೆದಿರುತ್ತಾರೆ. ಪ್ರಯಾಣಿಕರೇ ತೆಗೆದು ಹಾಕಿದ ಬಚ್ಚಲುಮನೆಯ ಚಿತ್ರ ಇದ್ದರೆ ಅದನ್ನೊಂದು ತಪ್ಪದೆ ನೋಡಬೇಕು.

ಎರಡನೆಯದು, ಫೋನು. ಕಂಪನಿಯ ಕಾಲ್‌ಸೆಂಟರಿಗೆ ಮಾಡುವ ಫೋನಲ್ಲ. ಆ ಕಟ್ಟಡದ ಕೌಂಟರಿಗೆ, ರಾತ್ರಿ ಒಂಬತ್ತರ ಮೇಲೆ. ಹಗಲು ಹೊತ್ತು ಅವರಿಗೆ ಪುರುಸೊತ್ತಿರುವುದಿಲ್ಲ. ರಾತ್ರಿ ಪಾಳಿಯವರು ಫೋನ್ ಎತ್ತುತ್ತಾರೋ ಇಲ್ಲವೋ, ಹೇಗೆ ಮಾತಾಡುತ್ತಾರೆ ಎನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ನಾನು ಕನ್ನಡದಲ್ಲೇ ಶುರುಮಾಡುತ್ತೇನೆ. ಅತ್ತೆಗೆ ಬೇರೆ ಭಾಷೆ ಬರುವುದಿಲ್ಲ. ನಾನು ಔಷಧಿ ತರಲು ಹೋದಾಗ ಅವರು ಕೋಣೆಯ ಫೋನ್ ಎತ್ತಿ "ಸ್ವಲ್ಪ ಬಿಸಿನೀರು ಕೊಡ್ರಿ" ಎಂದರೆ ಅರ್ಥಮಾಡಿಕೊಳ್ಳುವ ಒಬ್ಬರಾದರೂ ಆ ತುದಿಯಲ್ಲಿ ಇರಬೇಕು.

ಆ ಫೋನಿನಲ್ಲಿ ನಾನು ಮೊದಲು ಕೇಳುವುದು ಬಚ್ಚಲಿನ ಸಂಗತಿ. ಒಳಗೆ ಮೆಟ್ಟಿಲಿದೆಯೇ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದೆಯೇ, ನೆಲ ನುಣುಪೇ ಒರಟೇ. ಆಮೇಲೆ ಬಕೆಟ್ಟು. ಚೈನ್ ಹೋಟೆಲುಗಳ ಬಚ್ಚಲಲ್ಲಿ ಗಾಜಿನ ತಡಿಕೆ, ತಲೆಯ ಮೇಲೆ ಷವರ್ ಇರುತ್ತದೆ, ಬಕೆಟ್ಟು ಎಷ್ಟೋ ಕಡೆ ಇರುವುದಿಲ್ಲ. ಕೀಮೊ ಆದವರಿಗೆ ನಿಂತು ಸ್ನಾನ ಮಾಡುವ ತ್ರಾಣ ಇರುವುದಿಲ್ಲ. ರೇಡಿಯೇಷನ್ ಕೊಟ್ಟ ಜಾಗಕ್ಕೆ ಜೋರು ನೀರು, ಬಿಸಿನೀರು ಬೀಳಬಾರದೆಂದು ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಒಂದು ಬಕೆಟ್ಟು, ಒಂದು ಚೆಂಬು, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು ಇದ್ದರೆ ಅತ್ತೆ ತಾವೇ ಸ್ನಾನ ಮಾಡಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ನಾನು ಒಳಗೆ ಹೋಗಬೇಕು. ಸೊಸೆಯ ಎದುರು ಬೆತ್ತಲೆ ನಿಲ್ಲುವ ಸಂಕಟ ಅವರಿಗೆ ಕಾಯಿಲೆಗಿಂತ ಹೆಚ್ಚಾಗಿತ್ತು. ಮುನ್ನೂರು ರೂಪಾಯಿಯ ಸ್ಟೂಲು ಒಬ್ಬ ಮುದುಕಿಯ ಮಾನ ಉಳಿಸುತ್ತದೆ ಎನ್ನುವುದನ್ನು ನಾನು ಆ ಕೋಣೆಗಳಲ್ಲಿ ಕಲಿತೆ. ಕೇಳಿದರೆ ಕೊಡುತ್ತಾರೆ. ಬಹುತೇಕ ಎಲ್ಲರೂ ಕೊಟ್ಟಿದ್ದಾರೆ. ಮುಂಚೆಯೇ ಕೇಳಿರಬೇಕು.

ಕಿಟಕಿ ಹೊರಗಿನ ಗಾಳಿಗೆ ತೆರೆಯುತ್ತದೆಯೇ, ಮಂಚ ಎರಡು ಬೇರೆ ಬೇರೆ ಇವೆಯೇ ಎನ್ನುವುದನ್ನೂ ಕೇಳಿಕೊಳ್ಳಿ. ದೊಡ್ಡ ಒಂದೇ ಮಂಚದಲ್ಲಿ ರೋಗಿ ಮಗ್ಗುಲು ಬದಲಿಸಿದಾಗಲೆಲ್ಲ ಜೊತೆಯವರಿಗೂ ಎಚ್ಚರವಾಗುತ್ತದೆ. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇದ್ದರೆ ಮಾತ್ರೆಗೆ, ಗಂಜಿಗೆ, ನಡುರಾತ್ರಿಯ ಒಂದು ಲೋಟ ಬಿಸಿನೀರಿಗೆ ಯಾರನ್ನೂ ಎಬ್ಬಿಸಬೇಕಿಲ್ಲ. ಈ ಒಂದು ವಿಷಯದಲ್ಲಿ ಚೈನ್ ಹೋಟೆಲುಗಳು ಹಳೆಯ ಲಾಡ್ಜುಗಳಿಗಿಂತ ಎಷ್ಟೋ ಮೇಲು.

ಸಮಯದ ವಿಷಯದಲ್ಲಿ ಮಾತ್ರ ಲಾಡ್ಜೇ ಮೇಲು. ಗಾಂಧಿನಗರ, ಕಾಟನ್‌ಪೇಟೆಯ ಎಷ್ಟೋ ಲಾಡ್ಜುಗಳಲ್ಲಿ ನೀವು ಕಾಲಿಟ್ಟ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆ ಕೋಣೆ ನಿಮ್ಮದು. ಚೈನ್ ಹೋಟೆಲಿನಲ್ಲಿ ಒಳಗೆ ಬಿಡುವುದು ಮಧ್ಯಾಹ್ನ ಹನ್ನೆರಡು ಅಥವಾ ಎರಡಕ್ಕೆ, ಹೊರಡಬೇಕಾದದ್ದು ಹನ್ನೊಂದು, ಹನ್ನೆರಡಕ್ಕೆ. ನಮ್ಮ ಕಡೆಯವರು ರಾಣಿ ಚೆನ್ನಮ್ಮ ರೈಲು ಹತ್ತಿ ಬೆಳಗಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಯುತ್ತಾರೆ. ರಾತ್ರಿ ಬಸ್ಸಿನವರು ಇನ್ನೂ ಮುಂಚೆ. ಮುಖ ತೊಳೆದು, ತಿಂಡಿ ತಿಂದು, ಮಾತ್ರೆ ಕೊಟ್ಟು, ಎಂಟರೊಳಗೆ ಆಸ್ಪತ್ರೆಯಲ್ಲಿರಬೇಕಾದವರಿಗೆ ಮಧ್ಯಾಹ್ನ ಎರಡಕ್ಕೆ ಸಿಗುವ ಕೋಣೆಯಿಂದ ಏನೂ ಪ್ರಯೋಜನವಿಲ್ಲ. ಒಂದು ಕಡೆ ಬೆಳಿಗ್ಗೆ ಆರಕ್ಕೆ ಹೋಗಿ ನಿಂತಾಗ, ಕೋಣೆಗಳು ಖಾಲಿ ಇದ್ದರೂ, ಅರ್ಧ ದಿನದ ದರ ಕಟ್ಟಿದರಷ್ಟೇ ಬೀಗದಕೈ ಎಂದರು. ಅತ್ತೆ ಸೋಫಾದ ಮೇಲೆ ಒರಗಿ ಕಣ್ಣು ಮುಚ್ಚಿದ್ದರು. ಕಟ್ಟಿದೆ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಆದರೆ ಮುಂಗಡ ಕಾಯ್ದಿರಿಸಿದ ದಿನವೇ ಬರುವ ಹೊತ್ತನ್ನು ತಿಳಿಸಿದ್ದೆವು, ಆಗ ಯಾರೂ ಈ ಮಾತು ಎತ್ತಿರಲಿಲ್ಲ.

ಅಲ್ಲಿಂದಾಚೆಗೆ ಬೆಳಗಿನ ಜಾವ ತಲುಪುವುದಿದ್ದರೆ ಕೌಂಟರಿನವರಿಂದ "ಆರು ಗಂಟೆಗೆ ಕೋಣೆ ಕೊಡುತ್ತೇವೆ, ಇಷ್ಟು ಹಣ" ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಇನ್ನೂ ಒಳ್ಳೆಯದೆಂದರೆ ಪ್ರಯಾಣವನ್ನೇ ಹಗಲಿಗೆ ತಿರುಗಿಸುವುದು. 2023ರ ಜೂನ್‌ನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಶುರುವಾದ ಮೇಲೆ ಮಧ್ಯಾಹ್ನದ ಊಟ ಮುಗಿಸಿ ದಾವಣಗೆರೆಯಲ್ಲಿ ಹತ್ತಿದರೆ ರಾತ್ರಿ ಎಂಟರೊಳಗೆ ಬೆಂಗಳೂರು. 2025ರ ಆಗಸ್ಟ್‌ನಿಂದ ಬೆಳಗಾವಿಯ ಇನ್ನೊಂದು ವಂದೇ ಭಾರತ್ ಬೆಳಿಗ್ಗೆ ಹೊರಟು ಮಧ್ಯಾಹ್ನ ಎರಡರ ಹೊತ್ತಿಗೆ ತಲುಪುತ್ತದೆ, ಕೋಣೆ ಕೊಡುವ ಹೊತ್ತಿಗೆ ಸರಿಯಾಗಿ. ಹರಿಹರದವರು 14 ಕಿ.ಮೀ. ಮುಂದಿನ ದಾವಣಗೆರೆಗೆ ಬಂದೇ ಹತ್ತಬೇಕು, ಆದರೂ ಲಾಭವೇ. ಟಿಕೆಟ್ಟಿನ ದರ ಹೆಚ್ಚು ಅನ್ನಿಸಬಹುದು. ಅರ್ಧ ದಿನದ ಕೋಣೆ ಬಾಡಿಗೆಯನ್ನೂ, ನಿದ್ದೆಗೆಟ್ಟ ರೋಗಿಯ ಮಾರನೆಯ ದಿನವನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ.

ಜಾಗದ ಬಗ್ಗೆ ಒಂದು ಎಚ್ಚರ. ಹೋಟೆಲಿನ ಹೆಸರಿಗೆ ಅಂಟಿಸಿದ ರಸ್ತೆಯ ಹೆಸರನ್ನು ನಂಬಬೇಡಿ. ಕಿದ್ವಾಯಿ, ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಅದೇ ಹೊಸೂರು ರಸ್ತೆ ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ತಮಿಳುನಾಡಿನ ಗಡಿಯವರೆಗೆ ಹೋಗುತ್ತದೆ. 'ಹೊಸೂರು ರೋಡ್' ಎಂದು ಹೆಸರಿನಲ್ಲಿದ್ದ ಮಾತ್ರಕ್ಕೆ ಆಸ್ಪತ್ರೆಯ ಪಕ್ಕ ಎಂದುಕೊಂಡರೆ ಸಿಲ್ಕ್ ಬೋರ್ಡಿನ ವಾಹನದಟ್ಟಣೆಯಲ್ಲಿ ರೋಗಿಯ ಸಮೇತ ಒಂದು ಗಂಟೆ ಸಿಕ್ಕಿಬೀಳಬೇಕಾಗುತ್ತದೆ. ನಕ್ಷೆಯಲ್ಲಿ ಕಿಲೋಮೀಟರು ನೋಡಿದರೂ ಸಾಲದು, ಬೆಳಿಗ್ಗೆ ಎಂಟೂವರೆಗೆ ಎಷ್ಟು ನಿಮಿಷ ಬೇಕು ಎಂದು ನೋಡಬೇಕು. ವಿಮಾನ ನಿಲ್ದಾಣದ ಹೆಸರು ಹಾಕಿಕೊಂಡ ಹೋಟೆಲುಗಳ ಕಥೆಯೂ ಇದೇ.

ರೋಗಿ ಜೊತೆಗಿಲ್ಲದ ಕೆಲಸಗಳಿಗೆ ನಾವು ಹುಡುಕುವ ಜಾಗ ಬೇರೆ. ಮಗಳ ಸಂದರ್ಶನಕ್ಕೆ ಹೋದಾಗ ತುಮಕೂರು ರಸ್ತೆಯಲ್ಲೇ ಉಳಿದೆವು. ನಮ್ಮ ಬಸ್ಸುಗಳೆಲ್ಲ ನೆಲಮಂಗಲದ ಮೇಲೆ ಅದೇ ದಾರಿಯಲ್ಲಿ ಊರೊಳಗೆ ಬರುತ್ತವೆ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿಯ ಆಸುಪಾಸಿನಲ್ಲಿ ಇಳಿದರೆ ಮೆಜೆಸ್ಟಿಕ್ಕಿನ ಗೊಂದಲವೇ ಬೇಡ. ಆರ್.ವಿ. ರೋಡ್‌ನಲ್ಲಿ ಬದಲಿಸಿಕೊಂಡರೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಜಯದೇವ ಆಸ್ಪತ್ರೆಯ ನಿಲ್ದಾಣಕ್ಕೂ ಒಯ್ಯುತ್ತದೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ ಎನ್ನುವುದನ್ನು ಮರೆಯಬಾರದು. ತುಮಕೂರು ರಸ್ತೆಯ ಹೋಟೆಲುಗಳಿಗೆ ಇನ್ನೊಂದು ಗುಣವಿದೆ. ಅಲ್ಲಿನ ಪ್ರದರ್ಶನ ಕೇಂದ್ರದಲ್ಲಿ ಇಮ್ಟೆಕ್ಸ್‌ನಂಥ ದೊಡ್ಡ ಯಂತ್ರಮೇಳ ನಡೆದ ವಾರ ದರ ಏರಿಬಿಡುತ್ತದೆ. ಲೇತ್ ಯಂತ್ರಗಳ ನಡುವೆಯೇ ಆಯಸ್ಸು ಕಳೆದ ನಮ್ಮ ತಂದೆ ಇದ್ದಿದ್ದರೆ ಆ ಮೇಳಕ್ಕೆಂದೇ ಬೆಂಗಳೂರಿಗೆ ಹೊರಡುತ್ತಿದ್ದರು. ಫೆಬ್ರುವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನ ಇದ್ದಾಗ ಆ ಕಡೆಯ ಕೋಣೆಗಳೂ ಹಾಗೇ. ಚೈನ್ ಹೋಟೆಲಿನ ದರ ಲಾಡ್ಜಿನ ಗೋಡೆಯ ಮೇಲಿನ ಪಟ್ಟಿಯಂತೆ ನಿಂತ ದರವಲ್ಲ, ದಿನದಿನಕ್ಕೆ ಬದಲಾಗುತ್ತದೆ. ದಿನಾಂಕ ನಮ್ಮ ಕೈಯಲ್ಲಿದ್ದರೆ ಆಚೀಚೆ ಮಾಡಿ ನೋಡಬೇಕು.

ಆಸ್ಪತ್ರೆಯ ದಿನಾಂಕ ನಮ್ಮ ಕೈಯಲ್ಲಿರುವುದಿಲ್ಲ. ಈ ಮಾತನ್ನು ರೋಗಿಗಳ ಮನೆಯವರಿಗೆ ಒತ್ತಿ ಹೇಳಬೇಕಾಗಿದೆ. ಕೀಮೊಗೆ ಹೋದ ದಿನ ರಕ್ತದಲ್ಲಿ ಬಿಳಿಕಣ ಕಡಿಮೆ ಬಂದರೆ ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಸ್ಕ್ಯಾನಿಂಗಿಗೆ ದಿನ ಮುಂದೆ ಹೋಗುತ್ತದೆ. ಆ್ಯಪ್ ತೆರೆದರೆ ಒಂದೇ ಕೋಣೆಗೆ ಎರಡು ದರ ಕಾಣುತ್ತವೆ. ಕಡಿಮೆಯದರ ಕೆಳಗೆ ಸಣ್ಣ ಅಕ್ಷರದಲ್ಲಿ ಹಣ ವಾಪಸಿಲ್ಲ ಎಂದಿರುತ್ತದೆ. ನಾನ್ನೂರು ಐನೂರು ಉಳಿಯುತ್ತದೆಂದು ಅದನ್ನು ಒತ್ತಬಾರದು. ಹಿಂದಿನ ದಿನದವರೆಗೂ ರದ್ದುಮಾಡಬಹುದಾದ ದರವೇ ನಮಗೆ ಅಗ್ಗ. ಈ ರದ್ದತಿಯ ಸೌಕರ್ಯಕ್ಕಾಗಿಯೇ ನಾನು ಆಸ್ಪತ್ರೆಯ ಪ್ರಯಾಣಕ್ಕೆ ಚೈನ್ ಹೋಟೆಲನ್ನು ಆರಿಸುತ್ತೇನೆ. ರದ್ದಾದ ಹಣ ನನಗೆ ಪ್ರತಿಸಲ ಮರಳಿ ಬಂದಿದೆ.

ಬಿಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ದಿನಕ್ಕೆ ₹7,500ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಅದಕ್ಕೆ ಮುಂಚೆ ಶೇ. 12 ಇತ್ತು. ₹3,000ದ ಕೋಣೆಗೆ ₹360 ಕಟ್ಟುತ್ತಿದ್ದವರು ಈಗ ₹150 ಕಟ್ಟಬೇಕು, ಬಿಲ್ಲಿನಲ್ಲಿ ಇದು ಹಾಗೇ ಬಂದಿದೆಯೇ ನೋಡಿಕೊಳ್ಳಿ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಹೇಳಲು ಸಂಕೋಚ ಬೇಡ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೋಣೆಯ ದರ ಇಬ್ಬರಿಗೆ. ಮೂರನೆಯವರು ಬಂದರೆ ಎಷ್ಟು ಎನ್ನುವುದನ್ನು ಮೊದಲೇ ಕೇಳಿ. ತಿಂಡಿ ಸೇರಿದ ದರ ತೆಗೆದುಕೊಳ್ಳುವ ಮುನ್ನ ತಿಂಡಿ ಎಷ್ಟು ಹೊತ್ತಿಗೆ ಎಂದು ಕೇಳಿ. ಏಳೂವರೆಗೆ ಬಾಗಿಲು ತೆಗೆಯುವ ತಿಂಡಿ, ಏಳಕ್ಕೆ ಟೋಕನ್ನಿಗೆ ನಿಲ್ಲಬೇಕಾದವರಿಗೆ ಸಿಗುವುದಿಲ್ಲ. ಹಾಗಿದ್ದಾಗ ಬೀದಿಯ ದರ್ಶಿನಿಯ ಇಡ್ಲಿಯೇ ಮೇಲು.

ಗುರುತಿನ ಚೀಟಿಯ ಬಗ್ಗೆ ಎರಡು ಮಾತು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡಿ. ಆಧಾರ್ ವೆಬ್‌ಸೈಟಿನಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಇನ್ನೊಂದು, ಬೆಂಗಳೂರಿನ ವಿಳಾಸದ ಗುರುತಿನ ಚೀಟಿ ಇದ್ದವರಿಗೆ ಕೆಲವು ಹೋಟೆಲುಗಳು ಕೋಣೆ ಕೊಡುವುದಿಲ್ಲ. ನನಗೊಂದು ರಾತ್ರಿ ಬಿಡುವು ಕೊಡಲು ಬಂದ ನಾದಿನಿಯನ್ನು ಇದೇ ಕಾರಣಕ್ಕೆ ಒಂದು ಕಡೆ ಉಳಿಯಲು ಬಿಡಲಿಲ್ಲ. ತಾಯಿಯ ಪಕ್ಕ ಮಲಗಲು ಮಗಳು ಅದೇ ಊರಿನವಳು ಎನ್ನುವುದು ಅಡ್ಡಿಯಾಯಿತು. ರಾತ್ರಿ ಹತ್ತಕ್ಕೆ ಅವಳನ್ನು ಆಟೊ ಹತ್ತಿಸಿ ಕಳಿಸಿದೆ. ಜೊತೆಗೆ ಯಾರು ಬರುತ್ತಾರೆ, ಅವರ ವಿಳಾಸ ಎಲ್ಲಿಯದು ಎನ್ನುವುದನ್ನೂ ಆ ರಾತ್ರಿಯ ಫೋನಿನಲ್ಲೇ ಹೇಳಿಬಿಡುವುದು ಒಳ್ಳೆಯದು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಒಬ್ಬರೇ ಹೋಗಿ ಕೋರ್ಟಿನದ್ದೋ ಪೇಟೆಯದ್ದೋ ಕೆಲಸ ಮುಗಿಸಿ ಬರುವವರಿಗೆ ಇಪ್ಪತ್ನಾಲ್ಕು ಗಂಟೆಯ ಲಾಡ್ಜು, ಛತ್ರ ಸಾಕು, ಚೈನಿಗೆ ಹೆಚ್ಚಿನ ದುಡ್ಡು ಸುರಿಯಬೇಕಾಗಿಲ್ಲ. ರೋಗಿಯೊಂದಿಗೆ, ವಯಸ್ಸಾದವರೊಂದಿಗೆ, ಹೆಣ್ಣುಮಕ್ಕಳೊಂದಿಗೆ ಹೋಗುವವರು ಚೈನನ್ನು ಆರಿಸಿ. ಆದರೆ ಹೆಸರನ್ನಲ್ಲ, ಒಂದು ಕಟ್ಟಡವನ್ನು ಆರಿಸಿ. ಒಮ್ಮೆ ಒಳ್ಳೆಯ ಕಟ್ಟಡ ಸಿಕ್ಕರೆ ನೂರು ಇನ್ನೂರು ಹೆಚ್ಚಾದರೂ ಅಲ್ಲಿಗೇ ಹೋಗುತ್ತಿರಿ. ನಾವು ಕೊನೆಕೊನೆಗೆ ಹಾಗೆಯೇ ಮಾಡಿದೆವು. ಅತ್ತೆಯನ್ನು ಕಂಡರೆ ಕೌಂಟರಿನ ಹುಡುಗಿ ಸ್ಟೂಲು ಕಳಿಸಿಕೊಟ್ಟಿದ್ದೇನೆ ಅಜ್ಜಿ ಎನ್ನುತ್ತಿದ್ದಳು.

ಇನ್ನು ನಮ್ಮೂರಿನವರಿಗೇ ಒಂದು ಮಾತು. ನಮಗೆ ಬೆಂಗಳೂರು ಹೇಗೋ, ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ರಾಣೆಬೆನ್ನೂರಿನ ಹಳ್ಳಿಗಳವರಿಗೆ ದಾವಣಗೆರೆ ಹಾಗೆ. ಎರಡು ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ ಇರುವ ಊರಿದು. ಹೊಲ ಮಾರಿದ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಬಂದವರು ಪಿ.ಬಿ. ರಸ್ತೆಯಲ್ಲಿ, ರೈಲು ನಿಲ್ದಾಣದ ಸುತ್ತ ಕೋಣೆ ಕೇಳುತ್ತ ನಿಂತಿರುವುದನ್ನು ನಾನು ದಿನವೂ ನೋಡುತ್ತೇನೆ. ದೊಡ್ಡ ದೊಡ್ಡ ಚೈನುಗಳು ಇಲ್ಲಿಗೂ ಬರಲಿ, ಬೇಡವೆನ್ನುವುದಿಲ್ಲ. ಆದರೆ ದಾವಣಗೆರೆ, ಹರಿಹರದ ಲಾಡ್ಜ್ ಮಾಲೀಕರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನೆಲಮಹಡಿಯ ಎರಡು ಕೋಣೆಗಳನ್ನು ರೋಗಿಗಳಿಗೆಂದು ಮೀಸಲಿಡಿ. ಬಚ್ಚಲ ಗೋಡೆಗೊಂದು ಕಂಬಿ ಹಾಕಿಸಿ, ಒಂದು ಬಕೆಟ್ಟು, ಒಂದು ಸ್ಟೂಲು ಇಡಿ, ಇಪ್ಪತ್ನಾಲ್ಕು ಗಂಟೆಯ ಪದ್ಧತಿಯನ್ನು ಕೈಬಿಡಬೇಡಿ. ಅಂಥ ಕೋಣೆ ನಿಮ್ಮಲ್ಲಿದ್ದರೆ ಆಸ್ಪತ್ರೆಯ ಗೇಟಿನ ಬಳಿ ಒಂದು ಚೀಟಿ ಅಂಟಿಸಿ, ಬರುವವರಿಗೆ ತಿಳಿಯಲಿ.